ಕಂದು ಹೊಗೆಗೆ ಬೆಳಕಿನ ಸಾಕ್ಷ್ಯ

ದೆಹಲಿಯಲ್ಲಿ ನೆಲೆಸಿರುವ ಕನ್ನಡಿಗರು ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಎಲ್ಲಿ ಕಲೆತರೂ ಮೊದಲು ಯೋಗಕ್ಷೇಮ, ಅನಂತರ ಊರಿನ ಮಳೆ-ಬೆಳೆ, ಮೂರನೆಯದಾಗಿ ಇಲ್ಲಿನ ಗಾಳಿ, ಹೀಗೆ ಮಾತು ಸಾಗುವುದು ವಾಡಿಕೆಯಾಗಿಬಿಟ್ಟಿದೆ. ಆ ಮೂರನೆಯ ವಿಷಯ ಬಂದೊಡನೆ ಪ್ರತಿಯೊಬ್ಬರ ಬಳಿಯೂ ಒಬ್ಬ ಆರೋಪಿ ಸಿದ್ಧನಾಗಿರುತ್ತಾನೆ. ಕಾರಿಲ್ಲದವರು ಕಾರುಗಳನ್ನು ದೂರುತ್ತಾರೆ. ಕಾರುಳ್ಳವರು ಪಂಜಾಬ್, ಹರಿಯಾಣಗಳ ಹೊಲಗಳಲ್ಲಿ ಭತ್ತದ ಕೂಳೆಗೆ ಇಡುವ ಬೆಂಕಿಯನ್ನು ದೂರುತ್ತಾರೆ. ಪಟಾಕಿ ಸುಡದವರು ಪಟಾಕಿಯನ್ನೂ, ಮನೆ ಕಟ್ಟಿಸದವರು ಕಟ್ಟಡದ ಧೂಳನ್ನೂ ದೂರುತ್ತಾರೆ. ತನ್ನ ಮನೆಯ ಹೊಗೆಯನ್ನು ದೂರುವವರು ಮಾತ್ರ ವಿರಳ.

ಬ್ಯಾಂಕಿನಲ್ಲಿ ನಾವು ಯಾರ ಖಾತೆಗಾದರೂ ಒಂದು ಮೊತ್ತವನ್ನು ಖರ್ಚು ಬರೆಯಬೇಕಾದರೆ ಮೊದಲು ವೋಚರ್ ಕೇಳುತ್ತೇವೆ. ವೋಚರಿಲ್ಲದ ನಮೂದು ಲೆಕ್ಕಪರಿಶೋಧಕನ ಮುಂದೆ ನಿಲ್ಲಲಾರದು. ಹೀಗಿರುವಲ್ಲಿ, ನಮ್ಮ ಮಕ್ಕಳ ಶ್ವಾಸಕೋಶಕ್ಕೆ ಸಂಬಂಧಿಸಿದ ಇಷ್ಟು ದೊಡ್ಡ ನಷ್ಟವನ್ನು ಕೇವಲ ಬಾಯಿಮಾತಿನ ಮೇಲೆ ಯಾರದೋ ಹೆಸರಿಗೆ ಬರೆದುಬಿಡುವುದು ಸರಿಯೇ? ಹೊಗೆಗೂ ಒಂದು ವೋಚರ್ ಇರಬಹುದೇ? ತಾನು ಎಲ್ಲಿ, ಯಾವುದರ ಉರಿಯಿಂದ ಹುಟ್ಟಿದೆನೆಂದು ಅದು ತಾನಾಗಿ ಹೇಳಬಲ್ಲುದೇ? ಈ ಪ್ರಶ್ನೆಗೆ ವಿಜ್ಞಾನವು ಕೊಟ್ಟಿರುವ ಉತ್ತರಗಳಲ್ಲಿ ಒಂದನ್ನು ಸಂಘದ ಸದಸ್ಯರ ಮುಂದಿಡುವುದೇ ಪ್ರಸ್ತುತ ಲೇಖನದ ಉದ್ದೇಶ. ಲೇಖಕನು ವಾಣಿಜ್ಯಶಾಸ್ತ್ರದ ಪದವೀಧರನೇ ಹೊರತು ವಿಜ್ಞಾನಿಯಲ್ಲ; ಆದುದರಿಂದ ಸಾಮಾನ್ಯ ಓದುಗನಿಗೆ ಅರ್ಥವಾಗುವಷ್ಟನ್ನು ಮಾತ್ರ ಇಲ್ಲಿ ಹೇಳಲಾಗಿದೆ.

ಹಂಡೆಯ ಮಸಿ, ಜಂತಿಯ ಕಂದು

ನಮ್ಮಲ್ಲಿ ಅನೇಕರು ಸೌದೆಯ ಒಲೆಯ ಮನೆಗಳಲ್ಲಿ ಬೆಳೆದವರು. ಬಚ್ಚಲುಮನೆಯ ಹಂಡೆಯ ತಳಕ್ಕೆ ಹತ್ತಿದ ಮಸಿ ಕಾಡಿಗೆಯಂತೆ ಕಪ್ಪು. ಆದರೆ ಅಡಿಗೆಮನೆಯ ಮೇಲಿನ ಜಂತಿಗಳಿಗೂ ಹೆಂಚುಗಳಿಗೂ ವರ್ಷಾನುವರ್ಷ ಹತ್ತಿಕೊಂಡ ಲೇಪವು ಕಪ್ಪಲ್ಲ. ಅದು ಅಂಟಂಟಾದ, ಹೊಳೆಯುವ ಕಂದು. ಒಂದೇ ಒಲೆಯಿಂದ ಹೊರಟ ಈ ಎರಡು ಬಣ್ಣಗಳ ವ್ಯತ್ಯಾಸವನ್ನು ವಿಜ್ಞಾನವು ಬಹುಕಾಲ ಹೆಚ್ಚಾಗಿ ಗಮನಿಸಿರಲಿಲ್ಲ. ಗಾಳಿಯಲ್ಲಿರುವ ಇಂಗಾಲದ ಕಣಗಳಲ್ಲಿ ಬೆಳಕನ್ನು ಹೀರುವುದು ಮಸಿ ಮಾತ್ರ, ಉಳಿದ ಸಾವಯವ ವಸ್ತುಗಳು ಬೆಳಕನ್ನು ಚದರಿಸುತ್ತವೆಯಷ್ಟೇ ಎಂಬ ಎಣಿಕೆ ಪ್ರಚಲಿತವಾಗಿತ್ತು. 2006ರಲ್ಲಿ ಆಂಡ್ರೆಯೆ ಮತ್ತು ಗೆಲೆನ್ಚೇರ್ ಎಂಬ ವಿಜ್ಞಾನಿಗಳು ಪ್ರಕಟಿಸಿದ ಲೇಖನದಿಂದೀಚೆಗೆ 'ಕಪ್ಪು ಇಂಗಾಲ', 'ಕಂದು ಇಂಗಾಲ' ಎಂಬ ಎರಡು ಶೀರ್ಷಿಕೆಗಳು ಬಳಕೆಯಲ್ಲಿ ನೆಲೆಯೂರಿದವು.

ಕಪ್ಪು ಇಂಗಾಲವು ಎಲ್ಲ ಬಣ್ಣದ ಬೆಳಕನ್ನೂ ನುಂಗುತ್ತದೆ. ಅದಕ್ಕಾಗಿಯೇ ಅದು ಕಪ್ಪು. ಕಂದು ಇಂಗಾಲವು ಮುಖ್ಯವಾಗಿ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳನ್ನೂ ಅವುಗಳಿಗೆ ಸಮೀಪದ ನೇರಳೆ, ನೀಲಿ ಬಣ್ಣಗಳನ್ನೂ ಹೀರಿ, ಹಳದಿ ಮತ್ತು ಕೆಂಪನ್ನು ಉಳಿಸಿಬಿಡುತ್ತದೆ. ಉಳಿದ ಬಣ್ಣಗಳು ಬೆರೆತು ನಮ್ಮ ಕಣ್ಣಿಗೆ ಕಂದಾಗಿ ತೋರುತ್ತವೆ. ಮರದಲ್ಲಿರುವ ಲಿಗ್ನಿನ್ ಎಂಬ ವಸ್ತುವು ಅರೆಬರೆ ಸುಟ್ಟಾಗ ಉಂಗುರದಾಕಾರದ ಅಣುಗಳು ಹೊರಬೀಳುತ್ತವೆ. ಇಂಥ ಅಣುಗಳಲ್ಲಿ ಕೆಲವು ಎಲೆಕ್ಟ್ರಾನುಗಳು ಒಂದೆಡೆ ಬಂಧಿತವಾಗಿರದೆ ಉಂಗುರದುದ್ದಕ್ಕೂ ಸಂಚರಿಸಬಲ್ಲವಾದ್ದರಿಂದ ಅವು ಈ ಬೆಳಕನ್ನು ಸುಲಭವಾಗಿ ಹೀರಿಕೊಳ್ಳುತ್ತವೆ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಒಲೆಯು ಧಗಧಗನೆ ಉರಿಯುವಾಗ ಹೆಚ್ಚಾಗಿ ಮಸಿ ಹುಟ್ಟುತ್ತದೆ. ಹಸಿ ಸೌದೆ ಹೊಗೆಯಾಡುವಾಗ ಹೆಚ್ಚಾಗಿ ಕಂದು ಇಂಗಾಲ ಹುಟ್ಟುತ್ತದೆ. ನಮ್ಮ ಅಜ್ಜಿಯರು ಊದುಗೊಳವೆಯಿಂದ ಊದಿ ಹೊಗೆಯನ್ನು ಜ್ವಾಲೆಯನ್ನಾಗಿ ಮಾಡುತ್ತಿದ್ದಾಗ, ತಮಗರಿವಿಲ್ಲದೆಯೇ ಕಂದು ಇಂಗಾಲವನ್ನು ಕಡಿಮೆ ಮಾಡುತ್ತಿದ್ದರು. ತರಗೆಲೆಯ ರಾಶಿ, ಬೆರಣಿ, ಒದ್ದೆ ಕಸ, ಮನೆ ಕಾಯಿಸುವ ಕಲ್ಲಿದ್ದಲು ಇವೆಲ್ಲವೂ ಹೊಗೆಯಾಡುವ ಜಾತಿಗೆ ಸೇರಿದವು. ಇಷ್ಟೇ ಅಲ್ಲದೆ, ವಾಹನ ಮತ್ತು ಕಾರ್ಖಾನೆಗಳ ಆವಿಗಳು ನೈಟ್ರೊಜನ್ನಿನ ಆಕ್ಸೈಡುಗಳೊಡನೆ ಗಾಳಿಯಲ್ಲಿಯೇ ವರ್ತಿಸಿ ಹೊಸದಾಗಿ ಕಂದು ಇಂಗಾಲವನ್ನು ತಯಾರಿಸುವುದೂ ಉಂಟು.

ನೋಟು ಪರೀಕ್ಷಿಸುವ ದೀಪ

ಈ ಕಂದು ವಸ್ತುವಿನ ಮೂಲವನ್ನು ಹುಡುಕಲು ಬಳಸುವ ಉಪಾಯಗಳಲ್ಲಿ ಪ್ರತಿದೀಪ್ತಿ ರೋಹಿತ ವಿಶ್ಲೇಷಣೆಯೂ ಒಂದು. ಹೆಸರು ಭಾರವಾಗಿದ್ದರೂ ವಿಷಯವು ನಮಗೆ ಅಪರಿಚಿತವಲ್ಲ. ಬ್ಯಾಂಕಿನ ನಗದು ವಿಭಾಗದಲ್ಲಿ ಸಂಶಯಾಸ್ಪದ ನೋಟನ್ನು ಒಂದು ನೇರಳೆ ದೀಪದ ಕೆಳಗೆ ಹಿಡಿಯುವುದನ್ನು ಓದುಗರು ಕಂಡಿರಬಹುದು. ಆ ದೀಪದಿಂದ ಹೊರಡುವುದು ಕಣ್ಣಿಗೆ ಕಾಣದ ಅತಿನೇರಳೆ ಬೆಳಕು. ಅಸಲಿ ನೋಟಿನ ಸಂಖ್ಯೆಗಳೂ, ಕಾಗದದಲ್ಲಿ ಹುದುಗಿದ ಸಣ್ಣ ಎಳೆಗಳೂ ಅದರಡಿಯಲ್ಲಿ ಮಿನುಗುತ್ತವೆ. ನೋಟಿನ ಕಾಗದ ಮಾತ್ರ ಮಂಕಾಗಿಯೇ ಉಳಿಯುತ್ತದೆ. ಅಂಗಡಿಯಲ್ಲಿ ದೊರೆಯುವ ಬಿಳಿಯ ಕಾಗದದಲ್ಲಿ ಮುದ್ರಿಸಿದ ಖೋಟಾ ನೋಟಾದರೋ ಇಡಿಯಾಗಿ ನೀಲಿಬಿಳುಪಾಗಿ ಹೊಳೆದು ತನ್ನ ಗುಟ್ಟನ್ನು ತಾನೇ ಬಿಟ್ಟುಕೊಡುತ್ತದೆ.

ಹೀಗೆ ಕಾಣದ ಬೆಳಕನ್ನು ಹೀರಿ ಕಾಣುವ ಬೆಳಕನ್ನು ಹೊರಹಾಕುವ ಗುಣವೇ ಪ್ರತಿದೀಪ್ತಿ. ಜಮಾ-ಖರ್ಚಿನ ಭಾಷೆಯಲ್ಲಿ ಹೇಳುವುದಾದರೆ, ಅಣುವು ಬೆಳಕಿನಿಂದ ಒಂದಷ್ಟು ಶಕ್ತಿಯನ್ನು ಜಮೆ ಪಡೆಯುತ್ತದೆ. ಅದರಲ್ಲಿ ಸ್ವಲ್ಪವನ್ನು ಕಂಪನದ ರೂಪದಲ್ಲಿ ಶಾಖವಾಗಿ ಕಳೆದುಕೊಂಡು, ಉಳಿದುದನ್ನು ಸೆಕೆಂಡಿನ ನೂರು ಕೋಟಿಯ ಕೆಲವೇ ಪಾಲುಗಳಷ್ಟು ಅಲ್ಪಕಾಲದಲ್ಲಿ ಬೆಳಕಾಗಿ ಹಿಂದಿರುಗಿಸುತ್ತದೆ. ನಡುವೆ ಶಕ್ತಿ ಕಡಿಮೆಯಾದುದರಿಂದ ಹಿಂದಿರುಗಿದ ಬೆಳಕಿನ ತರಂಗಾಂತರವು ಹೀರಿದ ಬೆಳಕಿನದಕ್ಕಿಂತ ಉದ್ದವಾಗಿರುತ್ತದೆ. ಯಾವ ಬೆಳಕನ್ನು ಪಡೆದು ಯಾವ ಬೆಳಕನ್ನು ಹಿಂದಿರುಗಿಸಿತು ಎಂಬ ಜೋಡಿಯು ಅಣುವಿನ ರಚನೆಯನ್ನು ಅವಲಂಬಿಸಿರುವುದರಿಂದ, ಅದು ಆ ಅಣುವಿನ ಸಹಿಯಿದ್ದಂತೆ.

ಇದನ್ನು ಸ್ಪಷ್ಟಪಡಿಸಿದ ಕೀರ್ತಿ ಕೇಂಬ್ರಿಜ್ಜಿನ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಅವರದು. ಮಲೇರಿಯಾ ಜ್ವರಕ್ಕೆ ಕೊಡುತ್ತಿದ್ದ ಕ್ವಿನೈನಿನ ದ್ರಾವಣವು ಬಿಸಿಲಿನಲ್ಲಿ ನಸುನೀಲಿಯಾಗಿ ಹೊಳೆಯುವುದನ್ನು ಜಾನ್ ಹರ್ಷೆಲ್ ಅವರು 1845ರಲ್ಲಿ ವರ್ಣಿಸಿದ್ದರು. ಸ್ಟೋಕ್ಸ್ ಅವರು ಸೂರ್ಯನ ಬೆಳಕನ್ನು ಪ್ರಿಸಮ್ಮಿನಿಂದ ಬಣ್ಣಬಣ್ಣವಾಗಿ ಹರಡಿ, ಕ್ವಿನೈನ್ ತುಂಬಿದ ಕೊಳವೆಯನ್ನು ಕೆಂಪಿನಿಂದ ನೇರಳೆಯತ್ತ ಸರಿಸುತ್ತ ಹೋದರು. ನೇರಳೆಯೂ ಮುಗಿದು ಕತ್ತಲೆಯಾದ ಜಾಗದಲ್ಲಿ ಕೊಳವೆಯು ನೀಲಿಯಾಗಿ ಬೆಳಗಿತು! 1852ರಲ್ಲಿ ಅವರು ಈ ವಿದ್ಯಮಾನವನ್ನು ವಿವರಿಸಿ ಅದಕ್ಕೆ ಫ್ಲೋರೆಸೆನ್ಸ್ ಎಂದು ಹೆಸರಿಟ್ಟರು. ಇಂದಿಗೂ ಅನೇಕ ಪ್ರಯೋಗಶಾಲೆಗಳಲ್ಲಿ ಹೊಳಪನ್ನು ಅಳೆಯುವಾಗ ಕ್ವಿನೈನನ್ನೇ ಮಾನದಂಡವಾಗಿ ಇಟ್ಟುಕೊಳ್ಳುತ್ತಾರೆ.

ಗಾಳಿಯಿಂದ ನಕ್ಷೆಯವರೆಗೆ

ಇನ್ನು ಗಾಳಿಯನ್ನು ಪರೀಕ್ಷಿಸುವ ಕ್ರಮವನ್ನು ನೋಡೋಣ. ಯಾವುದಾದರೊಂದು ಕಟ್ಟಡದ ಮಾಳಿಗೆಯ ಮೇಲೆ ಪಂಪು ಜೋಡಿಸಿದ ಯಂತ್ರವನ್ನಿಟ್ಟು, ಗಂಟೆಗಟ್ಟಲೆ ಗಾಳಿಯನ್ನು ಸ್ಫಟಿಕದ ಎಳೆಗಳಿಂದ ಮಾಡಿದ ಬಿಳಿಯ ಸೋಸುಬಿಲ್ಲೆಯ ಮೂಲಕ ಎಳೆಯುತ್ತಾರೆ. ಬಿಲ್ಲೆಯಲ್ಲಿ ಮೊದಲೇ ಇರಬಹುದಾದ ಸಾವಯವ ಕೊಳೆಯನ್ನು ನಾಶಪಡಿಸಲು ಅದನ್ನು ಮುಂಚಿತವಾಗಿ ಕುಲುಮೆಯಲ್ಲಿ ಸುಟ್ಟಿರುತ್ತಾರೆ. ಪಿ.ಎಂ. 2.5 ಎಂದು ನಾವು ದಿನವೂ ಕೇಳುವ, 2.5 ಮೈಕ್ರೋಮೀಟರಿಗೂ ಕಡಿಮೆ ವ್ಯಾಸದ, ಎಂದರೆ ತಲೆಗೂದಲಿನ ದಪ್ಪದ ಸುಮಾರು 30ನೆಯ 1 ಪಾಲಿನಷ್ಟಿರುವ ಕಣಗಳು ಅದರ ಮೇಲೆ ಕೂರುತ್ತವೆ. ದೆಹಲಿಯ ಚಳಿಗಾಲದಲ್ಲಿ ಬಿಳಿಯ ಬಿಲ್ಲೆಯು ಒಂದೇ ದಿನದಲ್ಲಿ ಮಸುಕುಗಪ್ಪಾಗುತ್ತದೆ.

ಬಿಲ್ಲೆಯ ಒಂದು ತುಂಡನ್ನು ಕತ್ತರಿಸಿ ಅತಿಶುದ್ಧ ನೀರಿನಲ್ಲಿ ನೆನೆಹಾಕಿ, ಶ್ರವಣಾತೀತ ಧ್ವನಿಯಿಂದ ಕಲಕಿ, ಸೋಸುತ್ತಾರೆ. ಮಸಿ ನೀರಿನಲ್ಲಿ ಕರಗದೆ ಹಿಂದುಳಿಯುತ್ತದೆ. ಕಂದು ಇಂಗಾಲದ ಒಂದು ಪಾಲು ಕರಗಿ, ತೆಳುವಾದ ಚಹದ ಬಣ್ಣದ ದ್ರವ ದೊರೆಯುತ್ತದೆ. ನೀರಿಗೆ ಬಾರದ ಅಂಶವನ್ನು ಮೆಥನಾಲಿನಿಂದ ತೆಗೆಯುತ್ತಾರೆ. ಮೊದಲು ಈ ದ್ರವವು ಎಷ್ಟು ಬೆಳಕನ್ನು ಹೀರುತ್ತದೆಂಬುದನ್ನು ಅಳೆಯುತ್ತಾರೆ. ಇದಕ್ಕೆ ಸಾಮಾನ್ಯವಾಗಿ ಆರಿಸಿಕೊಳ್ಳುವುದು 365 ನ್ಯಾನೋಮೀಟರ್ ತರಂಗಾಂತರವನ್ನು. ನೋಟು ಪರೀಕ್ಷೆಯ ದೀಪಗಳಲ್ಲಿಯೂ ಹೆಚ್ಚಾಗಿ ಬಳಕೆಯಲ್ಲಿರುವುದು ಇದೇ ಬೆಳಕು ಎಂಬುದು ನಮ್ಮಂಥವರಿಗೆ ಸ್ವಾರಸ್ಯದ ಸಂಗತಿ.

ಅನಂತರ ದ್ರವವನ್ನು ಸ್ಫಟಿಕದ ಪುಟ್ಟ ಪಾತ್ರೆಯಲ್ಲಿಟ್ಟು ಕ್ಸೆನಾನ್ ದೀಪದ ಬೆಳಕನ್ನು ಒಂದೊಂದೇ ತರಂಗಾಂತರವಾಗಿ ಹಾಯಿಸುತ್ತಾರೆ. ಪ್ರತಿಯೊಂದು ಸಲವೂ ಹಿಂದಿರುಗಿದ ಬೆಳಕಿನ ಪೂರ್ಣ ಪಟ್ಟಿಯನ್ನು ದಾಖಲಿಸುತ್ತಾರೆ. ಒಳಬಂದ ಬೆಳಕನ್ನು ಒಂದು ಅಂಚಿನಲ್ಲಿಯೂ ಹೊರಬಂದ ಬೆಳಕನ್ನು ಇನ್ನೊಂದು ಅಂಚಿನಲ್ಲಿಯೂ ಗುರುತಿಸಿದರೆ, ಸರ್ವೇ ಇಲಾಖೆಯ ಭೂಪಟದಲ್ಲಿ ಗುಡ್ಡಗಳನ್ನು ತೋರಿಸುವಂತೆ, ಹೊಳಪಿನ ಗುಡ್ಡಗಳುಳ್ಳ ಒಂದು ನಕ್ಷೆ ಸಿದ್ಧವಾಗುತ್ತದೆ. ಸುಮಾರು 240 ಮತ್ತು 330ರಿಂದ 350 ನ್ಯಾನೋಮೀಟರಿನ ಬೆಳಕನ್ನು ಹೀರಿ 420ರಿಂದ 480ರ ಆಸುಪಾಸಿನಲ್ಲಿ ಹೊಳೆಯುವ ಗುಡ್ಡವಿದ್ದರೆ, ಅದು ಮಣ್ಣಿನ ಹ್ಯೂಮಸ್ಸನ್ನು ಹೋಲುವ ದೊಡ್ಡ ಅಣುಗಳ ಗುರುತು. ಸುಮಾರು 275ರಲ್ಲಿ ಹೀರಿ 340ರ ಬಳಿ ಹೊಳೆದರೆ, ಅದು ಜೀವಿಗಳ ಪ್ರೋಟೀನುಗಳಲ್ಲಿರುವ ಟ್ರಿಪ್ಟೊಫಾನನ್ನು ಹೋಲುವ ವಸ್ತು.

ಈ ಅಳತೆಯಲ್ಲಿ ನಮ್ಮ ದೇಶದ ಹೆಸರೊಂದು ಶಾಶ್ವತವಾಗಿ ಸೇರಿಹೋಗಿದೆ. 1923ರಲ್ಲಿ ಕಲ್ಕತ್ತೆಯಲ್ಲಿ ಸಿ. ವಿ. ರಾಮನ್ ಅವರ ಶಿಷ್ಯರಾದ ಕೆ. ಆರ್. ರಾಮನಾಥನ್ ಅವರು ಶುದ್ಧ ದ್ರವಗಳಲ್ಲಿ ಅತಿ ಮಂದವಾದ ಬೆಳಕೊಂದನ್ನು ಕಂಡರು. ಅದನ್ನು ಆಗ 'ದುರ್ಬಲ ಪ್ರತಿದೀಪ್ತಿ' ಎಂದು ಭಾವಿಸಲಾಯಿತು. ಅದು ಪ್ರತಿದೀಪ್ತಿಯಲ್ಲ, ಬೆಳಕಿನ ಚದರಿಕೆಯ ಹೊಸದೊಂದು ಬಗೆ ಎಂದು 1928ರಲ್ಲಿ ರಾಮನ್ ಮತ್ತು ಕೆ. ಎಸ್. ಕೃಷ್ಣನ್ ಸ್ಥಾಪಿಸಿದರು, ಅದೇ ಜಗದ್ವಿಖ್ಯಾತವಾದ ರಾಮನ್ ಪರಿಣಾಮ. ಇಂದು ಪ್ರತಿದೀಪ್ತಿಯ ನಕ್ಷೆಯಲ್ಲಿ ನೀರಿನ ಈ ರಾಮನ್ ಬೆಳಕು ಅಡ್ಡಗೆರೆಯಾಗಿ ಬೀಳುವುದರಿಂದ ಅದನ್ನು ಕಳೆಯಬೇಕಾಗುತ್ತದೆ; ಆದರೆ ಶುದ್ಧ ನೀರಿನ ರಾಮನ್ ಬೆಳಕು ಎಲ್ಲ ಕಡೆಗೂ ಒಂದೇ ಗುಣದ್ದಾದುದರಿಂದ ಅದನ್ನೇ ಅಳತೆಗೋಲನ್ನಾಗಿಯೂ ಬಳಸಿ ಫಲಿತಾಂಶವನ್ನು 'ರಾಮನ್ ಮಾನ'ದಲ್ಲಿ ಬರೆಯುತ್ತಾರೆ. ಈ ರಾಮನ್ ಅವರು 1907ರಿಂದ 10 ವರ್ಷ ಸರಕಾರದ ಹಣಕಾಸು ಇಲಾಖೆಯಲ್ಲಿ ಲೆಕ್ಕಪತ್ರದ ಅಧಿಕಾರಿಯಾಗಿದ್ದರೆಂಬುದೂ, 1933ರಿಂದ ಬೆಂಗಳೂರನ್ನೇ ತಮ್ಮ ಕರ್ಮಭೂಮಿಯನ್ನಾಗಿ ಮಾಡಿಕೊಂಡರೆಂಬುದೂ ನಮಗೆ ಅಭಿಮಾನದ ವಿಷಯ. ಕೆ. ಆರ್. ರಾಮನಾಥನ್ ಅವರು ಮುಂದೆ ಅಹಮದಾಬಾದಿನ ಭೌತ ಸಂಶೋಧನಾಲಯದ ಪ್ರಥಮ ನಿರ್ದೇಶಕರಾದರು. ಅದೇ ಸಂಸ್ಥೆಯ ವಿಜ್ಞಾನಿಗಳು ಪಟಿಯಾಲಾದಲ್ಲಿ ಕೂಳೆಯ ಹೊಗೆಯ ಕಂದು ಇಂಗಾಲವನ್ನು ಅಭ್ಯಾಸಮಾಡಿದ್ದಾರೆ.

ಒಂದು ನಕ್ಷೆಯಿಂದ ಹೆಚ್ಚೇನೂ ತಿಳಿಯದು. ನೂರಾರು ದಿನಗಳ ನಕ್ಷೆಗಳನ್ನು ಒಟ್ಟುಗೂಡಿಸಿ ಗಣಕಯಂತ್ರಕ್ಕೆ ಕೊಟ್ಟರೆ, ಅವೆಲ್ಲವುಗಳಲ್ಲಿ ಮತ್ತೆ ಮತ್ತೆ ಬರುವ ಕೆಲವೇ ಮೂಲ ಆಕಾರಗಳನ್ನು ಅದು ಬೇರ್ಪಡಿಸುತ್ತದೆ. ಪ್ರತಿದಿನದ ನಗದು ಮೊತ್ತ ಬೇರೆ ಬೇರೆಯಾದರೂ ಅದು ಕೆಲವೇ ಮುಖಬೆಲೆಯ ನೋಟುಗಳಿಂದ ಕೂಡಿದ್ದಾಗಿರುವಂತೆ, ಪ್ರತಿದಿನದ ಹೊಗೆಯೂ ಕೆಲವೇ ಘಟಕಗಳ ಹೆಚ್ಚುಕಡಿಮೆ ಮೊತ್ತವೆಂದು ಇದರಿಂದ ತಿಳಿಯುತ್ತದೆ. ಯಾವ ಘಟಕ ಯಾವ ತಿಂಗಳಲ್ಲಿ, ಯಾವ ದಿಕ್ಕಿನ ಗಾಳಿಯಲ್ಲಿ ಹೆಚ್ಚಾಯಿತೆಂಬುದನ್ನು ಆಗ ಹೋಲಿಸಿ ನೋಡಬಹುದು.

ಮೂರು ಗೆರೆಗಳು ಹಿಡಿದುಕೊಟ್ಟ ವಿಷ

ಹೊಳಪನ್ನು ನೆಚ್ಚಿ ಹೊಗೆಯ ವಿಷವನ್ನು ಹುಡುಕುವುದು ಕೇವಲ ಇಂದಿನ ಕಲ್ಪನೆಯಲ್ಲ. ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಅವರು ಚಿಕ್ಕಂದಿನಿಂದ ಹೊಗೆಗೂಡಿನೊಳಗೆ ಹತ್ತಿ ಮಸಿ ಗುಡಿಸುತ್ತಿದ್ದವರಿಗೆ ಒಂದು ಬಗೆಯ ಚರ್ಮದ ಕ್ಯಾನ್ಸರ್ ಬರುವುದನ್ನು 1775ರಲ್ಲಿಯೇ ಹೇಳಿದ್ದರು. 1915ರಲ್ಲಿ ಜಪಾನಿನ ಯಾಮಾಗಿವಾ ಮತ್ತು ಇಚಿಕಾವಾ ಎಂಬವರು ಮೊಲದ ಕಿವಿಗೆ ಕಲ್ಲಿದ್ದಲ ಟಾರನ್ನು ಪದೇ ಪದೇ ಸವರಿ ಕ್ಯಾನ್ಸರ್ ಹುಟ್ಟಿಸಿ ತೋರಿಸಿದರು. ಆದರೆ ಟಾರಿನಲ್ಲಿರುವ ಅಸಂಖ್ಯ ವಸ್ತುಗಳಲ್ಲಿ ಅಪರಾಧಿ ಯಾವುದು?

ಲಂಡನ್ನಿನ ಕ್ಯಾನ್ಸರ್ ಆಸ್ಪತ್ರೆಯ ಸಂಶೋಧಕರಲ್ಲಿ ಒಬ್ಬರಾದ ಹೀಗರ್ ಅವರು, ಕ್ಯಾನ್ಸರ್ ತರುವ ಟಾರುಗಳೆಲ್ಲವೂ ಅತಿನೇರಳೆ ಬೆಳಕಿನಲ್ಲಿ ಒಂದೇ ಬಗೆಯಾಗಿ, 400, 418 ಮತ್ತು 440 ನ್ಯಾನೋಮೀಟರುಗಳಲ್ಲಿ ಮೂರು ಪಟ್ಟೆಗಳಾಗಿ ಹೊಳೆಯುವುದನ್ನು ಕಂಡು 1930ರಲ್ಲಿ ಪ್ರಕಟಿಸಿದರು. ಆ ಮೂರು ಗೆರೆಗಳನ್ನೇ ದಾರಿದೀಪವನ್ನಾಗಿ ಇಟ್ಟುಕೊಂಡು, ಅವು ಯಾವ ಪಾಲಿನಲ್ಲಿ ಹೆಚ್ಚಾಗಿವೆಯೋ ಅದನ್ನೇ ಮತ್ತೆ ಮತ್ತೆ ಶುದ್ಧಿಮಾಡುತ್ತ, 2 ಟನ್ ಟಾರಿನ ಗಸಿಯಿಂದ ಅವರೂ ಅವರ ಸಂಗಡಿಗರೂ 1933ರಲ್ಲಿ ಬೆಂಜೊಪೈರೀನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಸೌದೆಯ ಹೊಗೆ, ಕಲ್ಲಿದ್ದಲ ಹೊಗೆ, ಬೀಡಿ-ಸಿಗರೇಟಿನ ಹೊಗೆ ಎಲ್ಲದರಲ್ಲಿಯೂ ಇರುವ ಈ ವಸ್ತುವು ಇಂದು ಮನುಷ್ಯರಿಗೆ ಕ್ಯಾನ್ಸರ್ ತರುವುದೆಂದು ನಿಶ್ಚಿತವಾದ ವಸ್ತುಗಳ ಪಟ್ಟಿಯಲ್ಲಿದೆ. 2013ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಹೊರಾಂಗಣದ ವಾಯುಮಾಲಿನ್ಯವನ್ನೇ ಇಡಿಯಾಗಿ ಅದೇ ಪಟ್ಟಿಗೆ ಸೇರಿಸಿತು.

ಸಾಕ್ಷಿಯ ಮಿತಿಗಳು

ಯಾವ ಸಾಕ್ಷಿಯನ್ನಾದರೂ ಅದರ ಮಿತಿಯರಿತು ಕೇಳಬೇಕು. ಹೊಳೆಯುವುದೆಲ್ಲ ಕಂದು ಇಂಗಾಲವಲ್ಲ. ಕಂದು ಇಂಗಾಲವೆಲ್ಲ ಹೊಳೆಯುವುದೂ ಇಲ್ಲ. ನೈಟ್ರೊಫೀನಾಲುಗಳೆಂಬ ಹಳದಿ ವಸ್ತುಗಳು ಬೆಳಕನ್ನು ಗಣನೀಯವಾಗಿ ಹೀರುತ್ತವೆಯಾದರೂ ಹೊಳಪಿನ ರೂಪದಲ್ಲಿ ಬಹುತೇಕ ಏನನ್ನೂ ಹಿಂದಿರುಗಿಸುವುದಿಲ್ಲ. ಪ್ರೋಟೀನನ್ನು ಹೋಲುವುದೆಂದು ಬರೆದುಕೊಂಡ ಗುಡ್ಡವು ನಗರದ ಗಾಳಿಯಲ್ಲಿ ಫೀನಾಲು, ನ್ಯಾಫ್ತಲೀನುಗಳದೂ ಆಗಿರಬಹುದು. ಕಬ್ಬಿಣ, ತಾಮ್ರಗಳ ಅಂಶಗಳು ಹೊಳಪನ್ನು ಕುಗ್ಗಿಸುತ್ತವೆ. ದ್ರವವು ತೀರ ಗಾಢವಾಗಿದ್ದರೆ ತನ್ನ ಬೆಳಕನ್ನು ತಾನೇ ನುಂಗಿಕೊಳ್ಳುತ್ತದೆ; ಆದುದರಿಂದ ಅದನ್ನು ತೆಳುಮಾಡಬೇಕು. ಬಿಸಿಲಿನಲ್ಲಿ ಅಲೆದ ಹೊಗೆಯು ಬಣ್ಣಗೆಡುವುದರಿಂದ ಹಳೆಯ ಹೊಗೆಯ ಸಹಿಯು ಹೊಸದರಂತಿರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಹೊಲದ ಕೂಳೆಯ ಹೊಗೆಯನ್ನೂ ನಮ್ಮ ಬೀದಿಯ ಬೇವಿನೆಲೆಯ ಹೊಗೆಯನ್ನೂ ಹೊಳಪೊಂದರಿಂದಲೇ ಬೇರ್ಪಡಿಸುವುದು ಬಹಳ ಕಷ್ಟ; ಎರಡೂ ಗಿಡದ ಹೊಗೆಗಳೇ ತಾನೇ.

ಆದುದರಿಂದಲೇ ವಿಜ್ಞಾನಿಗಳು ಇತರ ಸಾಕ್ಷಿಗಳನ್ನೂ ಕರೆಯುತ್ತಾರೆ. ಮರದ ಸೆಲ್ಯುಲೋಸ್ ಸುಟ್ಟಾಗ ಲಿವೊಗ್ಲೂಕೊಸಾನ್ ಎಂಬ ಸಕ್ಕರೆಯ ಜಾತಿಯ ವಸ್ತು ಹುಟ್ಟುತ್ತದೆ. ಪೆಟ್ರೋಲು, ಡೀಸೆಲ್ಲುಗಳಿಂದ ಅದು ಹುಟ್ಟದು. ಇನ್ನೊಂದು ಸಾಕ್ಷಿ ಇಂಗಾಲ-14. ಈಚೆಗೆ ಬದುಕಿದ್ದ ಗಿಡದ ಇಂಗಾಲದಲ್ಲಿ ಇದು ಇರುತ್ತದೆ. ಕೋಟ್ಯಂತರ ವರ್ಷ ನೆಲದಡಿಯಲ್ಲಿದ್ದ ಕಲ್ಲಿದ್ದಲು, ಪೆಟ್ರೋಲಿಯಮ್ಮುಗಳಲ್ಲಿ ಪೂರ್ತಿ ಕ್ಷಯಿಸಿರುತ್ತದೆ. ಜೊತೆಗೆ ಗಾಳಿಯ ದಿಕ್ಕು, ಉಪಗ್ರಹಗಳು ಎಣಿಸಿದ ಹೊಲದ ಬೆಂಕಿಗಳು, ಪಂಚಾಂಗದ ತಿಂಗಳು ಇವೆಲ್ಲವನ್ನೂ ತಾಳೆ ನೋಡಬೇಕು. ಲೆಡ್ಜರು, ದಿನವಹಿ, ನಗದು ಪೆಟ್ಟಿಗೆ ಮೂರೂ ಒಂದೇ ಮೊತ್ತವನ್ನು ಹೇಳಿದಾಗ ಮಾತ್ರ ನಾವು ಸಹಿ ಹಾಕುವುದಿಲ್ಲವೇ? ಪ್ರತಿದೀಪ್ತಿಯ ಹಿರಿಮೆಯೆಂದರೆ, ಇವುಗಳಲ್ಲಿ ಕೆಲವಕ್ಕಿಂತ ಅದು ಬಹು ಅಗ್ಗ ಹಾಗೂ ಶೀಘ್ರ. ಬಹು ಸೂಕ್ಷ್ಮವಾದುದರಿಂದ ಬಿಲ್ಲೆಯ ಚಿಕ್ಕ ತುಂಡೇ ಸಾಕು. ಪಶ್ಚಿಮ ಬಂಗಾಳದ ಮೋಹನ್‌ಪುರದಲ್ಲಿ, ಗಂಗಾ ಬಯಲಿನಿಂದ ಹರಿದುಬರುವ ಗಾಳಿಯನ್ನು ಈ ವಿಧಾನದಿಂದ ಪರೀಕ್ಷಿಸಿದ ಅಧ್ಯಯನವು 2021ರಲ್ಲಿ ಪ್ರಕಟವಾಯಿತು.

ದೆಹಲಿಯ ಖಾತೆ

ಈಗ ಮೊದಲಿನ ಪ್ರಶ್ನೆಗೆ ಬರೋಣ. ದೆಹಲಿಯ ಇಡೀ ಚಳಿಗಾಲದಲ್ಲಿ ಸಂಗ್ರಹಿಸಿದ, ನೀರಿನಲ್ಲಿ ಕರಗುವ ಸಾವಯವ ಇಂಗಾಲವನ್ನು ಇಂಗಾಲ-14ರ ಸಹಾಯದಿಂದ ಲೆಕ್ಕಹಾಕಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಅದರಂತೆ ಆ ಇಂಗಾಲದ ಸುಮಾರು ಐದನೆಯ ಒಂದು ಪಾಲು ಮಾತ್ರ ಕಲ್ಲಿದ್ದಲು, ಪೆಟ್ರೋಲಿಯಮ್ಮುಗಳಿಂದ ಬಂದದ್ದು. ಸುಮಾರು ಐದನೆಯ ನಾಲ್ಕು ಪಾಲು ಸೌದೆ, ಬೆರಣಿ, ಕೂಳೆ, ಎಲೆಗಳ ಉರಿಯಿಂದಲೂ ಗಿಡಮರಗಳ ಸಹಜ ಆವಿಗಳಿಂದಲೂ ಬಂದದ್ದು.

ಇದು ಒಟ್ಟು ಮಾಲಿನ್ಯದ ಒಂದು ಬಾಬ್ತಿನ ಲೆಕ್ಕವೇ ಹೊರತು ಇಡೀ ಮಾಲಿನ್ಯದ್ದಲ್ಲವೆಂಬುದನ್ನು ಮರೆಯಬಾರದು. ವಾಹನಗಳ ಮಸಿ, ರಸ್ತೆಯ ಧೂಳು, ಉಷ್ಣವಿದ್ಯುತ್ ಸ್ಥಾವರಗಳ ಗಂಧಕ ಇವಕ್ಕೆ ಪ್ರತ್ಯೇಕ ಖಾತೆಗಳಿವೆ. ಆದರೂ ಒಂದು ವಿಷಯ ವಿಚಾರಾರ್ಹ. ಕೂಳೆ ಸುಡುವ ಕಾಲವು ಅಕ್ಟೋಬರ್-ನವೆಂಬರಿನೊಂದಿಗೆ ಮುಗಿಯುತ್ತದೆ. ಡಿಸೆಂಬರ್-ಜನವರಿಗಳಲ್ಲಿಯೂ ಆಕಾಶ ಕಂದಾಗಿಯೇ ಇರುತ್ತದೆ. ಆ ತಿಂಗಳುಗಳ ಗಿಡದ ಹೊಗೆಗೆ ದೂರದ ರೈತನ ಮೇಲೆ ಬೆರಳು ತೋರಿಸಲಾಗದು. ಅದು ಬಡವರ ಒಲೆಯದು, ಬೀದಿಬದಿಯ ತಂದೂರಿಯದು, ಕಸದ ರಾಶಿಯದು, ಅಂಗೀಠಿಯದು, ಮತ್ತು ನಮ್ಮ ನಮ್ಮ ವಸತಿ ಸಮುಚ್ಚಯಗಳ ಹೆಬ್ಬಾಗಿಲಲ್ಲಿ ಚೌಕೀದಾರನು ಕಾಯಿಸಿಕೊಳ್ಳುವ ಬೆಂಕಿಯದು.

ಆ ಚೌಕೀದಾರನನ್ನು ದೂಷಿಸುವ ಮುನ್ನ ನಾವು ಯೋಚಿಸಬೇಕು. ಬಿಹಾರದಿಂದಲೋ ಪೂರ್ವಾಂಚಲದಿಂದಲೋ ಬಂದ ಆತನೂ ನಮ್ಮಂತೆಯೇ ಹೊಟ್ಟೆಪಾಡಿಗಾಗಿ ಊರು ಬಿಟ್ಟವನು. 5-6 ಡಿಗ್ರಿ ಚಳಿಯಲ್ಲಿ ನಮ್ಮ ನಿದ್ರೆಯನ್ನು ಕಾಯುವವನಿಗೆ ನಾವು ಒಂದು ಹೀಟರನ್ನು ಕೊಡದಿದ್ದರೆ, ಆತನು ರಟ್ಟು, ಪ್ಲಾಸ್ಟಿಕ್, ತರಗೆಲೆಗಳನ್ನು ಸುಡದೆ ಇನ್ನೇನು ಮಾಡಿಯಾನು? ದೆಹಲಿ ಪ್ರದೇಶದ ಮಾಲಿನ್ಯ ನಿಯಂತ್ರಣದ ಹಂತವಾರು ಕಾರ್ಯಯೋಜನೆಯಲ್ಲಿ, ನಿವಾಸಿಗಳ ಸಂಘಗಳು ಕಾವಲುಗಾರರಿಗೆ ವಿದ್ಯುತ್ ಹೀಟರ್ ಒದಗಿಸಬೇಕೆಂಬ ಸೂಚನೆ ಸೇರಿದೆ. ಬಯಲಿನಲ್ಲಿ ಕಸ ಸುಡುವವರಿಗೆ 5,000 ರೂಪಾಯಿ, ಭಾರಿ ಪ್ರಮಾಣದಲ್ಲಿ ಸುಡುವವರಿಗೆ 25,000 ರೂಪಾಯಿ ದಂಡವೆಂದು ರಾಷ್ಟ್ರೀಯ ಹಸಿರು ನ್ಯಾಯಪೀಠವು 2016ರಲ್ಲಿಯೇ ಆದೇಶಿಸಿತು. ದಂಡದ ಮಾತು ಅನೇಕರಿಗೆ ಗೊತ್ತು. ಹೀಟರಿನ ಮಾತು ಕೆಲವರಿಗೇ ಗೊತ್ತು.

ಶರೀರದಲ್ಲಿ ನಡೆಯುವುದೇನು?

ಸೂಕ್ಷ್ಮ ಕಣಗಳು ಮೂಗಿನ ರೋಮಗಳನ್ನೂ ಗಂಟಲಿನ ಲೋಳೆಯನ್ನೂ ದಾಟಿ ಶ್ವಾಸಕೋಶದ ಗಾಳಿಗೂಡುಗಳವರೆಗೆ ಸೇರುತ್ತವೆ. ಹ್ಯೂಮಸ್ಸನ್ನು ಹೋಲುವ ಅಣುಗಳೂ ಕ್ವಿನೋನ್‌ಗಳೂ ಅಲ್ಲಿನ ದ್ರವದಲ್ಲಿ ಕರಗಿ, ಆಮ್ಲಜನಕವನ್ನು ಉಗ್ರರೂಪಕ್ಕೆ ತಿರುಗಿಸಿ, ಜೀವಕೋಶಗಳಲ್ಲಿ ಉರಿಯೂತವನ್ನುಂಟುಮಾಡಬಲ್ಲವೆಂದು ಪ್ರಯೋಗಶಾಲೆಯ ಪರೀಕ್ಷೆಗಳು ತೋರಿಸಿವೆ. ಉಬ್ಬಸ, ದೀರ್ಘಕಾಲದ ಕೆಮ್ಮು ಮಾತ್ರವಲ್ಲದೆ ಹೃದಯಾಘಾತ, ಪಾರ್ಶ್ವವಾಯು, ಶ್ವಾಸಕೋಶದ ಕ್ಯಾನ್ಸರ್, ಕಡಿಮೆ ತೂಕದ ಶಿಶುಜನನ ಇವುಗಳ ಅಪಾಯವನ್ನೂ ಈ ಕಣಗಳು ಹೆಚ್ಚಿಸುತ್ತವೆ. ನಮ್ಮ ದೇಶದಲ್ಲಿ 2009ರಲ್ಲಿ ನಿಗದಿಯಾದ ಮಿತಿಯಂತೆ ಪಿ.ಎಂ. 2.5 ಕಣಗಳ ದಿನದ ಸರಾಸರಿಯು ಘನ ಮೀಟರಿಗೆ 60 ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಸಲಹೆಯು ಕೇವಲ 15. ದೆಹಲಿಯ ಚಳಿಗಾಲದಲ್ಲಿ ಈ ಎರಡನ್ನೂ ಮೀರದ ದಿನಗಳು ವಿರಳ.

ನಾವು ಮಾಡಬಹುದಾದುದು

ವಿಜ್ಞಾನಿಗಳ ಕೆಲಸ ವಿಜ್ಞಾನಿಗಳದು. ಗೃಹಸ್ಥರಾದ ನಮ್ಮ ಕೈಯಲ್ಲಿಯೂ ಕೆಲವು ಕಾರ್ಯಗಳಿವೆ.

1. ತರಗೆಲೆಯನ್ನು ಸುಡಗೊಡಬಾರದು, ಉದ್ಯಾನದ ಮೂಲೆಯಲ್ಲಿ ಗುಂಡಿ ತೋಡಿ ಗೊಬ್ಬರ ಮಾಡಿಸಬೇಕು. ಸುಟ್ಟರೆ ಶ್ವಾಸಕೋಶಕ್ಕೆ ಹೋಗುವ ಹ್ಯೂಮಸ್ ಜಾತಿಯ ವಸ್ತುವು ಕೊಳೆತರೆ ಮಣ್ಣಿಗೆ ನಿಜವಾದ ಹ್ಯೂಮಸ್ಸಾಗಿ ಸೇರುತ್ತದೆ.

2. ಚೌಕೀದಾರನಿಗೆ ಹೀಟರ್, ಕಂಬಳಿ, ಬಿಸಿ ಚಹ ಒದಗಿಸುವ ವೆಚ್ಚವನ್ನು ಸಮುಚ್ಚಯದ ವಾರ್ಷಿಕ ಅಂದಾಜು ಪತ್ರಿಕೆಯಲ್ಲಿಯೇ ಸೇರಿಸಬೇಕು. ಮುಚ್ಚಿದ ಕೋಣೆಯಲ್ಲಿ ಅಂಗೀಠಿ ಇಟ್ಟುಕೊಂಡು ಮಲಗಿದರೆ ಕಾರ್ಬನ್ ಮೊನಾಕ್ಸೈಡಿನಿಂದ ಪ್ರಾಣವೇ ಹೋಗಬಹುದೆಂದು ಅವರಿಗೂ ಮನೆಗೆಲಸದವರಿಗೂ ತಿಳಿಸಿಹೇಳಬೇಕು.

3. ಮನೆಯೊಳಗಿನ ಹೊಗೆಯೂ ಹೊಗೆಯೇ. ಸೊಳ್ಳೆಬತ್ತಿ, ಊದುಬತ್ತಿ, ಧೂಪಗಳನ್ನು ಮಿತವಾಗಿ ಬಳಸಿ ಕೋಣೆಗೆ ಗಾಳಿಯಾಡುವಂತೆ ಮಾಡಬೇಕು. ಒಗ್ಗರಣೆಯ ವೇಳೆ ಹೊಗೆಯನ್ನು ಹೊರಹಾಕುವ ಫ್ಯಾನು ತಿರುಗುತ್ತಿರಲಿ. ಭಕ್ತಿಗೆ ಒಂದು ಕಡ್ಡಿ ಸಾಕು. ಇಡೀ ಕಟ್ಟು ಬೇಕಿಲ್ಲ.

4. ಮಾಲಿನ್ಯ ತೀವ್ರವಾಗಿರುವ ದಿನಗಳಲ್ಲಿ ವೃದ್ಧರು, ಗರ್ಭಿಣಿಯರು, ಮಕ್ಕಳು, ಉಬ್ಬಸವುಳ್ಳವರು ಮುಂಜಾನೆಯ ವಾಯುಸಂಚಾರವನ್ನು ಬಿಡಬೇಕು. ಚಳಿಗಾಲದ ರಾತ್ರಿ ಹಾಗೂ ಮುಂಜಾವಿನಲ್ಲಿ ತಣ್ಣನೆಯ ಗಾಳಿ ನೆಲಕ್ಕಂಟಿ ನಿಲ್ಲುವುದರಿಂದ ಹೊಗೆ ಮೇಲೇರಲಾರದು. ಮಧ್ಯಾಹ್ನದ ಹೊತ್ತು ಸಾಮಾನ್ಯವಾಗಿ ಮೇಲು.

5. ಹೊರಗೆ ಹೋಗಲೇಬೇಕಾದರೆ ಮುಖಕ್ಕೆ ಬಿಗಿಯಾಗಿ ಹೊಂದುವ ಎನ್-95 ಮುಖಗವಸು ಧರಿಸಬೇಕು. ಕರವಸ್ತ್ರವು ಸೂಕ್ಷ್ಮ ಕಣಗಳನ್ನು ತಡೆಯಲಾರದು. ಉಬ್ಬಸದ ಔಷಧವನ್ನು ವೈದ್ಯರ ಸಲಹೆಯಿಲ್ಲದೆ ನಿಲ್ಲಿಸಬಾರದು.

6. ಊರಿನಲ್ಲಿ ಇಂದಿಗೂ ಬಚ್ಚಲಿಗೆ ಸೌದೆ ಉರಿಸುವ ಬಂಧುಗಳಿದ್ದರೆ, ಹೊಗೆಕೊಳವೆಯುಳ್ಳ ಒಲೆಯನ್ನಾದರೂ ಹಾಕಿಸಿಕೊಡಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರವು ರೂಪಿಸಿದ ಅಸ್ತ್ರ ಒಲೆಯು ಕಡಿಮೆ ಸೌದೆಯಲ್ಲಿ ಅಡಿಗೆ ಮಾಡಿ, ಹೊಗೆಯನ್ನು ಅಡಿಗೆಮನೆಯಿಂದ ಹೊರಗೊಯ್ಯುವ ಉದ್ದೇಶದಿಂದಲೇ ಹುಟ್ಟಿದುದು. 2016ರಲ್ಲಿ ಪ್ರಾರಂಭವಾದ ಉಜ್ವಲಾ ಯೋಜನೆಯಿಂದ ಅನೇಕ ಬಡ ಮನೆಗಳಿಗೆ ಅಡಿಗೆ ಅನಿಲವೂ ಬಂದಿದೆ. ಎರಡನೆಯ ಸಿಲಿಂಡರ್ ಕೊಳ್ಳಲು ಕೈಯಲ್ಲಿ ಹಣವಿರುವಂತೆ ನೋಡಿಕೊಳ್ಳುವುದು ಮುಂದಿನ ಕೆಲಸ.

ಈ ಪಟ್ಟಿಯಲ್ಲಿ ದುಬಾರಿಯಾದುದು ಬಹಳವಿಲ್ಲ. ನಮ್ಮ ಮನೆಗಳಲ್ಲಿ ಗಾಳಿ ಶುದ್ಧಿಮಾಡುವ ಯಂತ್ರಕ್ಕೆ ಕೊಡುವ ಹಣದ ಒಂದು ಅಂಶದಿಂದ ಹೆಬ್ಬಾಗಿಲಿಗೊಂದು ಹೀಟರ್ ಬರುತ್ತದೆ. ಯಂತ್ರವು ಒಂದು ಕೋಣೆಯ ಗಾಳಿಯನ್ನು ತೊಳೆಯುತ್ತದೆ. ಹೀಟರು ಒಂದು ಬೆಂಕಿಯನ್ನೇ ಆರಿಸುತ್ತದೆ. ಹೊಗೆಯು ಹುಟ್ಟಿದ ಮೇಲೆ ಅದರ ಸಹಿಯನ್ನು ಓದಲು ಕ್ಸೆನಾನ್ ದೀಪ, ಸ್ಫಟಿಕದ ಪಾತ್ರೆ, ಗಣಕಯಂತ್ರ ಎಲ್ಲವೂ ಬೇಕು. ಅದು ಹುಟ್ಟದಂತೆ ಮಾಡಲು ಬರುವ ಚಳಿಗಾಲಕ್ಕೆ ಮುಂಚೆ ನಮ್ಮ ನಮ್ಮ ಸಮುಚ್ಚಯದ ಸಭೆಯಲ್ಲಿ ಒಂದು ಠರಾವು ಸಾಕು. ಆ ಠರಾವನ್ನು ಮಂಡಿಸುವವರು ಕನ್ನಡಿಗರಾಗಲಿ ಎಂಬುದೇ ಲೇಖಕನ ಆಶಯ.